ಬ್ಲೀಚಿಂಗ್ ಪುಡಿಯ ಕೋಣೆ

"ಗುರುಗಳೇ, ಎರಡು ಮಾತುಗಳೂ ಸರಿಯಾಗಿದ್ದು, ಎರಡನ್ನೂ ಒಟ್ಟಿಗೆ ನಡೆಸಲು ಆಗದಿದ್ದರೆ ಮನುಷ್ಯ ಏನು ಮಾಡಬೇಕು?"

ಹೀಗೆ ಕೇಳಿದವನು ಗುರುಪಾದ. ಮಠದ ದಾಸೋಹದ ಉಸ್ತುವಾರಿ ಅವನದು. ಮಠದ ಹೊರಜಗಲಿಯಲ್ಲಿ ಒಂದು ತಿಂಗಳಿಂದ ಏಳು ಮಂದಿ ಬಂದು ನೆಲೆಸಿದ್ದರು. ಅವರಿಗೆ ಮನೆಮಠವಿಲ್ಲ. ಇಬ್ಬರಿಗೆ ಬಿಡದ ಕೆಮ್ಮು. ಜಗಲಿಗೆ ಒತ್ತಿಕೊಂಡೇ ಮಕ್ಕಳ ವಸತಿ ನಿಲಯವಿತ್ತು. ಪಟ್ಟಣ ಪಂಚಾಯಿತಿಯವರು ಬಂದು, ಇವರನ್ನು ಬೇಗ ಎಬ್ಬಿಸಿ ಎಂದು ಹೇಳಿ ಹೋದರು. ಮರುದಿನ ಆಸ್ಪತ್ರೆಯವರು ಬಂದು, ಪರೀಕ್ಷೆ ಮುಗಿಯುವ ತನಕ ಇವರು ಅತ್ತಿತ್ತ ಹೋಗದಂತೆ ನೋಡಿಕೊಳ್ಳಿ ಎಂದು ಹೇಳಿ ಹೋದರು.

"ಎಬ್ಬಿಸಲು ಮನಸ್ಸು ಬರುವುದಿಲ್ಲ. ಇರಿಸಿಕೊಂಡರೆ ಮಕ್ಕಳನ್ನು ನೋಡಿದಾಗಲೆಲ್ಲ ಭಯವಾಗುತ್ತದೆ. ನನಗೆ ದಿಕ್ಕೇ ತೋಚುತ್ತಿಲ್ಲ," ಎಂದ ಗುರುಪಾದ.

ಗುರುಗಳು ಅವನನ್ನು ಕುಳಿತುಕೊಳ್ಳಲು ಹೇಳಿದರು. ಆಮೇಲೆ ಈ ಕತೆ ಹೇಳಿದರು.

ಒಂದು ಊರಿನ ಪುರಸಭೆಯಲ್ಲಿ ಒಬ್ಬ ಆರೋಗ್ಯಾಧಿಕಾರಿ ಇದ್ದ. ಕಟ್ಟುನಿಟ್ಟಿನ ಮನುಷ್ಯ. ಹತ್ತೊಂಬತ್ತು ವರ್ಷದ ನೌಕರಿಯಲ್ಲಿ ಒಂದು ಸುಳ್ಳು ಅಕ್ಷರ ಬರೆದವನಲ್ಲ. ಅವನಿಗೆ ಎರಡು ಕೆಲಸ ವಹಿಸಿದ್ದರು. ಊರಿನ ಸಾರ್ವಜನಿಕ ಜಾಗಗಳು ಚೊಕ್ಕಟವಾಗಿ, ತೆರವಾಗಿ ಇರುವಂತೆ ನೋಡಿಕೊಳ್ಳುವುದು ಒಂದು. ಕ್ಷಯದಂಥ ಅಂಟುರೋಗ ಹಿಡಿದವರು ಆರು ತಿಂಗಳು ತಪ್ಪದೆ ಔಷಧ ತಿನ್ನುವಂತೆ ನೋಡಿಕೊಳ್ಳುವುದು ಇನ್ನೊಂದು. ಎರಡೂ ಊರಿನ ಆರೋಗ್ಯದ ಕೆಲಸಗಳೇ. ಒಂದು ಇನ್ನೊಂದಕ್ಕೆ ಅಡ್ಡ ಬಂದೀತೆಂದು ಅವನಿಗೆ ಎಂದೂ ಅನ್ನಿಸಿರಲಿಲ್ಲ.

ಆ ಊರಿನ ಹಳೆಯ ಉಣ್ಣೆ ಮಾರುಕಟ್ಟೆ ಪಾಳು ಬಿದ್ದಿತ್ತು. ಅದರ ಪಡಸಾಲೆಯಲ್ಲಿ ಹದಿನಾರು ಜನ ವಾಸವಾಗಿದ್ದರು. ಅವರಲ್ಲಿ ಹುಲಿಗೆವ್ವ ಎಂಬ ಹೆಂಗಸು ಒಬ್ಬಳು. ಸವೆದ ಬೀಸುಕಲ್ಲು ಒರಳುಗಳಿಗೆ ಚಾಣದಿಂದ, ಅಂದರೆ ಕಲ್ಲಿನ ಉಳಿಯಿಂದ, ಹೊಡೆದು ಮತ್ತೆ ಹಲ್ಲು ಮಾಡಿಕೊಡುವುದು ಅವಳ ಕಸುಬು. ಗಂಡನೂ ಅದೇ ಕೆಲಸ ಮಾಡುತ್ತಾ ಎದೆಯಲ್ಲಿ ಕಲ್ಲಿನ ಧೂಳು ತುಂಬಿಕೊಂಡು ಸತ್ತಿದ್ದ. ಈಗ ಅವಳಿಗೂ ಕೆಮ್ಮು ಹತ್ತಿತ್ತು. ಪರೀಕ್ಷೆ ಮಾಡಿಸಿದಾಗ ಅವಳಿಗೂ, ಅಲ್ಲಿದ್ದ ಇನ್ನು ಮೂವರಿಗೂ ಕ್ಷಯವೆಂದು ತಿಳಿಯಿತು.

ಅಧಿಕಾರಿ ತಾನೇ ದಿನವೂ ಬೆಳಿಗ್ಗೆ ಮಾತ್ರೆ ತಂದು, ಎದುರಿಗೆ ನಿಂತು ನುಂಗಿಸತೊಡಗಿದ. ಒಂದು ದಿನವೂ ತಪ್ಪಬಾರದು, ಇಲ್ಲೇ ಇರಬೇಕು, ಎಲ್ಲಿಗೂ ಹೋಗಬಾರದು ಎಂದು ಪ್ರತಿದಿನ ಹೇಳುತ್ತಿದ್ದ. ಎರಡು ತಿಂಗಳಾಗುವ ಹೊತ್ತಿಗೆ ಹುಲಿಗೆವ್ವನ ಜ್ವರ ನಿಂತಿತ್ತು. ಊಟ ಸೇರುತ್ತಿತ್ತು.

ಅಷ್ಟರಲ್ಲಿ ಮಾರುಕಟ್ಟೆಯ ಅಕ್ಕಪಕ್ಕದ ಅಂಗಡಿಯವರು ಪುರಸಭೆಗೆ ಅರ್ಜಿ ಕೊಟ್ಟರು. ಪಡಸಾಲೆಯಲ್ಲಿ ರೋಗಿಗಳು ಮಲಗಿರುತ್ತಾರೆ, ಗಿರಾಕಿಗಳು ಬರಲು ಹೆದರುತ್ತಾರೆ, ನಮ್ಮ ಮನೆಗಳಲ್ಲೂ ಚಿಕ್ಕ ಮಕ್ಕಳಿದ್ದಾರೆ ಎಂಬುದು ಅವರ ಅಳಲು. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಜಾಗ ತೆರವು ಮಾಡಬೇಕೆಂದು ಸಭೆ ತೀರ್ಮಾನಿಸಿತು. ಆದೇಶ ಆರೋಗ್ಯಾಧಿಕಾರಿಯ ಮೇಜಿಗೆ ಬಂತು.

ಅವನು ಬೆಳಿಗ್ಗೆ ಎಂದಿನಂತೆ ಹೋಗಿ ಮಾತ್ರೆ ಕೊಟ್ಟುಬಂದ. ಮಧ್ಯಾಹ್ನ ಪುರಸಭೆಯ ಟ್ರ್ಯಾಕ್ಟರಿನ ಹಿಂದೆ ಮತ್ತೆ ಅಲ್ಲಿಗೆ ಹೋದ.

ಹುಲಿಗೆವ್ವ ತನ್ನ ಗಂಟು ಕಟ್ಟಿಕೊಂಡು ಅವನ ಮುಂದೆ ಬಂದು ನಿಂತಳು.

"ಸಾಹೇಬ್ರ, ಮುಂಜಾನಿ ಬಂದು ಗುಳಿಗಿ ತಗೋ, ಇಲ್ಲೇ ಇರು ಅಂದ್ರಿ. ಈಗ ಬಂದು ಏಳು ಅಂತೀರಿ. ಎರಡೂ ನೀವ ಹೇಳೀರಿ. ನಾ ಯಾವ ಮಾತು ಕೇಳ್ಲಿ?"

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ನಿಜವಾಗಿಯೂ ತಿಳಿಯದೆ ಕೇಳಿದ್ದಳು.

"ಇದು ಸಭೆಯ ತೀರ್ಮಾನ," ಎಂದ. ಹೇಳಿದ ಮೇಲೆ, ಅವಳು ಕೇಳಿದ್ದು ಅದನ್ನಲ್ಲ ಎಂದು ಅವನಿಗೆ ಗೊತ್ತಾಯಿತು.

ಮರುದಿನ ಬೆಳಿಗ್ಗೆ ಅವನು ಮಾತ್ರೆಯ ಚೀಲ ಹಿಡಿದು ಅಭ್ಯಾಸಬಲದಿಂದ ಮಾರುಕಟ್ಟೆಗೇ ಹೋದ. ಅಲ್ಲಿ ತಗಡಿನ ಬೇಲಿ ಹಾಕುತ್ತಿದ್ದರು. ಬಸ್ ನಿಲ್ದಾಣದಲ್ಲಿ ಹುಡುಕಿದ. ರೈಲ್ವೆ ಗೇಟಿನ ಹತ್ತಿರ ಹುಡುಕಿದ. ನಾಲ್ಕು ದಿನ ಹುಡುಕಿದರೂ ಆ ನಾಲ್ವರಲ್ಲಿ ಒಬ್ಬರೂ ಸಿಗಲಿಲ್ಲ. ನಿಯಮದ ಪ್ರಕಾರ ಅವರ ಹೆಸರಿನ ಮುಂದೆ 'ವಿಳಾಸ ಬಿಟ್ಟು ಹೋದವರು' ಎಂದು ಬರೆಯಬೇಕಾಯಿತು. ಅವರಿಗೆ ವಿಳಾಸ ಎಂದು ಯಾವುದಿತ್ತೆಂದು ಯೋಚಿಸುತ್ತಾ ಬರೆದ.

ತಿಂಗಳ ಸಭೆಯಲ್ಲಿ ಅಧ್ಯಕ್ಷರು ಎದ್ದುನಿಂತು, ಆ ವಾರ್ಡಿನಲ್ಲಿ ಕ್ಷಯ ರೋಗಿಗಳ ಸಂಖ್ಯೆ ಇಳಿದಿದೆ ಎಂದು ಓದಿದರು. ಸದಸ್ಯರು ಚಪ್ಪಾಳೆ ತಟ್ಟಿದರು. ಒಬ್ಬರು ಹಾರ ತಂದು ಅಧಿಕಾರಿಯ ಕೊರಳಿಗೆ ಹಾಕಿದರು. ಅವನು ಹಾರ ಹಾಕಿಸಿಕೊಂಡೇ ಅಧ್ಯಕ್ಷರ ಕಿವಿಯಲ್ಲಿ, "ರೋಗ ಇಳಿದಿಲ್ಲ, ರೋಗಿಗಳು ಕಾಣೆಯಾಗಿದ್ದಾರೆ," ಎಂದ.

ಅಧ್ಯಕ್ಷರು ಕೆಟ್ಟವರಲ್ಲ. ಅವರ ಮುಖ ಸಣ್ಣದಾಯಿತು. "ಅಂಗಡಿಯವರೂ ನಮ್ಮವರೇ, ಅವರೂ ನಮ್ಮವರೇ. ಏನಾದರೂ ಮಾಡೋಣ," ಎಂದರು. ಮಾತಿಗೆ ತಪ್ಪಲಿಲ್ಲ. ಎರಡೇ ತಿಂಗಳಲ್ಲಿ ಊರ ಹೊರಗಿನ ಹಳೆಯ ಗೋದಾಮಿನಲ್ಲಿ ವಸತಿಹೀನರ ಆಶ್ರಯ ಕೇಂದ್ರ ಶುರುವಾಯಿತು. ಇನ್ನೇನು ಎಲ್ಲವೂ ದಾರಿಗೆ ಬಂತೆಂದು ಅಧಿಕಾರಿ ನಿರಾಳವಾದ.

ಆಗ ಒಂದು ಮಧ್ಯಾಹ್ನ ಹುಲಿಗೆವ್ವ ತಾನಾಗಿಯೇ ಪುರಸಭೆಯ ಕಚೇರಿಗೆ ಬಂದಳು. ಗೋಡೆ ಹಿಡಿದುಕೊಂಡು ಮೆಟ್ಟಿಲು ಹತ್ತಿದಳು. ಸೆರಗಿನಲ್ಲಿ ರಕ್ತದ ಕಲೆ ಇತ್ತು. "ಗುಳಿಗಿ ಕೊಡ್ರಿ," ಎಂದಷ್ಟೇ ಹೇಳಿದಳು.

ಅವನು ಅವಳನ್ನು ಆಸ್ಪತ್ರೆಗೆ ಕರೆದೊಯ್ದ. ಅಲ್ಲಿ ಹದಿನೈದು ದಿನ ಇರಿಸಿಕೊಂಡರು. ಔಷಧ ನಡುವೆ ನಿಂತದ್ದರಿಂದ ರೋಗ ಬಲಿತಿದೆ, ಹಳೆಯ ಮಾತ್ರೆಗೆ ಬಗ್ಗುವುದಿಲ್ಲ, ಬೇರೆ ಔಷಧ ಒಂದೂವರೆ ವರ್ಷ ಕೊಡಬೇಕು ಎಂದರು ವೈದ್ಯರು. ಅಷ್ಟು ಕಾಲ ಆಸ್ಪತ್ರೆಯಲ್ಲಿ ಜಾಗವಿಲ್ಲ. ಅವಳು ವಾಸವಿರುವ ಜಾಗಕ್ಕೇ ದಿನವೂ ಒಬ್ಬರು ಹೋಗಿ ಔಷಧ ಕೊಡಬೇಕು. ಆದ್ದರಿಂದ, ಇವಳು ಇಂಥಲ್ಲಿ ವಾಸವಾಗಿದ್ದಾಳೆ ಎಂಬ ಕಾಗದ ಬೇಕು. ಅದಿಲ್ಲದೆ ಶುರು ಮಾಡಿ ಮತ್ತೆ ನಡುವೆ ನಿಂತರೆ ಆ ಔಷಧವೂ ಕೈಬಿಡುತ್ತದೆ ಎಂದರು.

ಅವನು ಆಶ್ರಯ ಕೇಂದ್ರಕ್ಕೆ ಹೋದ. ಅಲ್ಲಿನ ಮೇಲ್ವಿಚಾರಕ ಸಭ್ಯ ಮನುಷ್ಯ. "ಇಲ್ಲಿ ನಲವತ್ತು ಜನ ಒಂದೇ ಸೂರಿನಡಿ ಮಲಗುತ್ತಾರೆ ಸಾರ್. ಇವರಿಗೆ ಅಂಟುರೋಗವಿಲ್ಲ ಅಂತ ಒಂದು ಕಾಗದ ಕೊಡಿ, ಈಗಲೇ ಸೇರಿಸಿಕೊಳ್ಳುತ್ತೇನೆ," ಎಂದ.

ಎರಡು ಕಾಗದಗಳೂ ಅಧಿಕಾರಿಯ ಮೇಜಿನ ಮೇಲೆ ಬಂದು ಕುಳಿತವು. ಎರಡಕ್ಕೂ ಸಹಿ ಹಾಕಬೇಕಾದವನು ಅವನೇ. ಅವಳಿಗೆ ಮನೆ ಇದೆ ಎಂದು ಒಂದರಲ್ಲಿ ಬರೆಯಬೇಕು. ಅದು ಸುಳ್ಳು. ಅವಳಿಗೆ ರೋಗವಿಲ್ಲ ಎಂದು ಇನ್ನೊಂದರಲ್ಲಿ ಬರೆಯಬೇಕು. ಅದು ಇನ್ನೂ ದೊಡ್ಡ ಸುಳ್ಳು. ಆಸ್ಪತ್ರೆಯವರು ಹೇಳಿದ್ದರಲ್ಲಿ ತಪ್ಪು ಹುಡುಕಿದ. ಸಿಗಲಿಲ್ಲ. ಕೇಂದ್ರದವನು ಹೇಳಿದ್ದರಲ್ಲಿ ಹುಡುಕಿದ. ಅಲ್ಲೂ ಸಿಗಲಿಲ್ಲ. ನಿಯಮದ ಪುಸ್ತಕ ತೆರೆದು ಎರಡು ಸಲ ಓದಿದ. ರೋಗ ಇರುವವರಿಗೆ ಏನು ಮಾಡಬೇಕೆಂದು ಒಂದು ಕಡೆ ಇತ್ತು. ಮನೆ ಇಲ್ಲದವರಿಗೆ ಏನು ಮಾಡಬೇಕೆಂದು ಇನ್ನೊಂದು ಕಡೆ ಇತ್ತು. ರೋಗವಿದ್ದು ಮನೆಯೂ ಇಲ್ಲದ ಒಬ್ಬಳು ಆಸ್ಪತ್ರೆಯಿಂದ ಹೊರಬಂದು ಕಚೇರಿಯ ಮೆಟ್ಟಿಲ ಮೇಲೆ ಕುಳಿತಿದ್ದರೆ ಏನು ಮಾಡಬೇಕೆಂದು ಎಲ್ಲೂ ಇರಲಿಲ್ಲ.

ಒಂದು ಗಳಿಗೆ ಅವನಿಗೆ ಅವಳ ಮೇಲೆಯೇ ಸಿಟ್ಟು ಬಂತು. ಇವಳು ಮೊದಲೇ ಬಂದು ತನ್ನನ್ನು ಯಾಕೆ ಹುಡುಕಲಿಲ್ಲ ಅನ್ನಿಸಿತು. ಮರುಗಳಿಗೆಯಲ್ಲೇ ನಾಚಿಕೆಯಾಯಿತು. ಎದ್ದು ಹೊರಗೆ ಹೋದ. ಕಚೇರಿಯನ್ನು ಒಂದು ಸುತ್ತು ಹಾಕಿದ. ಹಿಂಭಾಗದಲ್ಲಿ ಎರಡು ಕಿಟಕಿಗಳ ಒಂದು ಕೋಣೆ. ಬಾವಿ, ಚರಂಡಿಗಳಿಗೆ ಹಾಕುವ ಬ್ಲೀಚಿಂಗ್ ಪುಡಿಯ ಮೂಟೆಗಳನ್ನು ಅಲ್ಲಿ ಪೇರಿಸಿದ್ದರು. ಅವನು ಅದರ ಬಾಗಿಲಲ್ಲಿ ಬಹಳ ಹೊತ್ತು ನಿಂತಿದ್ದ. ಏನೋ ಹೊಳೆಯಿತು ಎಂದು ಹೇಳುವಂತಿರಲಿಲ್ಲ. ಬೇರೇನೂ ಹೊಳೆಯಲಿಲ್ಲ, ಅಷ್ಟೇ.

ಇಬ್ಬರು ಪೌರಕಾರ್ಮಿಕರನ್ನು ಕರೆದು ಮೂಟೆಗಳನ್ನು ಹೊರಗಿನ ಜಗಲಿಗೆ ಸಾಗಿಸಿದ. ಕೋಣೆ ತೊಳೆಸಿದ. ಕಿಟಕಿಗಳನ್ನು ತೆರೆಸಿ, ಒಂದು ಮಂಚ ಹಾಕಿಸಿದ. ಆಸ್ಪತ್ರೆಯ ಕಾಗದದಲ್ಲಿ ವಾಸದ ಜಾಗವೆಂಬ ಕಡೆ 'ಪುರಸಭೆ ಕಚೇರಿ, ಹಿಂಭಾಗದ ಕೋಣೆ' ಎಂದು ಬರೆದು ಸಹಿ ಹಾಕಿದ. ಬರೆದದ್ದು ಸುಳ್ಳಲ್ಲ. ಬರೆಯುವ ಅಧಿಕಾರ ತನಗಿದೆಯೇ ಎಂಬುದು ಮಾತ್ರ ಅವನಿಗೆ ಗೊತ್ತಿರಲಿಲ್ಲ.

ಹುಲಿಗೆವ್ವನಿಂದ ಸುದ್ದಿ ತಿಳಿದು ಉಳಿದ ಮೂವರೂ ಒಬ್ಬೊಬ್ಬರಾಗಿ ಬಂದರು. ನಾಲ್ಕು ಮಂಚಗಳಾದವು. ಕಚೇರಿಯ ಗುಮಾಸ್ತ ಮೂಗಿಗೆ ಕರವಸ್ತ್ರ ಕಟ್ಟಿಕೊಂಡು ಕೂತ. "ನಾಳೆ ಆ ರೋಗ ನಮ್ಮ ಮನೆಗೆ ಬಂದರೆ?" ಎಂದು ಅಧಿಕಾರಿಯ ಹೆಂಡತಿ ಕೇಳಿದಳು.

ಮಳೆಗಾಲ ಬಂತು. ಜಗಲಿಯಲ್ಲಿದ್ದ ಮೂಟೆಗಳು ಎರಡು ದಿನದ ಜಡಿಮಳೆಯಲ್ಲಿ ನೆನೆದು ಹಾಳಾದವು. ಹೊಸ ಮೂಟೆಗಳು ಬರಲು ಎಂಟು ದಿನ ಹಿಡಿಯಿತು. ಆ ಎಂಟು ದಿನ ಎರಡು ಓಣಿಗಳ ಬಾವಿಗೆ ಪುಡಿ ಬೀಳಲಿಲ್ಲ. ಹನ್ನೊಂದು ಮಕ್ಕಳಿಗೆ ವಾಂತಿಭೇದಿಯಾಯಿತು. ಅಧಿಕಾರಿ ಮೂರು ದಿನ ಆಸ್ಪತ್ರೆಯಲ್ಲೇ ಓಡಾಡಿದ. ಎಲ್ಲ ಮಕ್ಕಳೂ ಉಳಿದರು. ಆದರೆ ಒಬ್ಬ ತಾಯಿ ಅವನ ಎದುರು ನಿಂತು, "ಅವರು ಬದುಕಬೇಕು ಅಂತ ನನ್ನ ಕೂಸನ್ನ ಸಾಯಿಸ್ತಿದ್ರೇನು?" ಎಂದು ಕೇಳಿದಳು. ಅದೇ ವಾರ ಕೋಣೆಯಲ್ಲಿದ್ದ ನಾಲ್ವರಲ್ಲಿ ಒಬ್ಬ ಮುದುಕ ತೀರಿಕೊಂಡ. ಅವನಿಗೆ ಔಷಧ ಮತ್ತೆ ಸಿಗುವುದು ತಡವಾಗಿತ್ತು.

ಪುರಸಭೆ ವಿಚಾರಣೆಗೆ ಕರೆಯಿತು.

"ಯಾವ ನಿಯಮದ ಮೇಲೆ ಮಾಡಿದಿರಿ?" ಎಂದು ಅಧ್ಯಕ್ಷರು ಕೇಳಿದರು.

"ಯಾವ ನಿಯಮವೂ ಇಲ್ಲ. ನಾನು ತಪ್ಪು ಮಾಡಿರಬಹುದು. ನನಗೆ ತಿಳಿಯುತ್ತಿಲ್ಲ," ಎಂದ ಅಧಿಕಾರಿ.

"ತಿಳಿಯದಿದ್ದ ಮೇಲೆ ಸುಮ್ಮನಿರಬಹುದಿತ್ತಲ್ಲ?"

"ಸುಮ್ಮನಿರುವುದು ಹೇಗೆ ಎಂಬುದೂ ತಿಳಿಯಲಿಲ್ಲ."

ಸಭೆಯಲ್ಲಿ ಯಾರೂ ನಗಲಿಲ್ಲ. ಅವನನ್ನು ಬೇರೆ ಊರಿಗೆ ವರ್ಗ ಮಾಡಿದರು. ಕೋಣೆಯನ್ನು ಮುಚ್ಚಬೇಕೆಂದು ಒಂದು ಆದೇಶ ಬರೆದು ಸಿದ್ಧಪಡಿಸಿದರು. ಅದು ಅಧ್ಯಕ್ಷರ ಮೇಜಿನಿಂದ ಮುಖ್ಯಾಧಿಕಾರಿಯ ಮೇಜಿಗೆ, ಅಲ್ಲಿಂದ ಹೊಸ ಆರೋಗ್ಯಾಧಿಕಾರಿಯ ಮೇಜಿಗೆ ಹೋಯಿತು. ಪ್ರತಿಯೊಬ್ಬರೂ ಸಹಿ ಹಾಕಲು ಕೂತರು. ಕಿಟಕಿಯಿಂದ ಆ ಕೋಣೆ ಕಾಣುತ್ತಿತ್ತು. ಇನ್ನೊಬ್ಬರು ಹಾಕಲಿ ಎಂದು ಮುಂದೆ ತಳ್ಳಿದರು. ಕೋಣೆ ತೆರೆದೇ ಉಳಿಯಿತು. ಪುಡಿಯ ಮೂಟೆಗಳಿಗೆ ಬೇರೆ ಕಡೆ ತಗಡಿನ ಸೂರು ಹಾಕಿದರು.

ಹುಲಿಗೆವ್ವ ಒಂದೂವರೆ ವರ್ಷ ಔಷಧ ತಿಂದು ಗುಣವಾದಳು. ಇನ್ನೊಬ್ಬ ಹೆಂಗಸಿನ ಜೊತೆ ಒಂದು ಬಾಡಿಗೆ ಖೋಲಿ ಹಿಡಿದಳು. ಧೂಳಿನ ಕಸುಬು ಬೇಡವೆಂದು ವೈದ್ಯರು ಹೇಳಿದ್ದರಿಂದ ತರಕಾರಿ ಮಾರತೊಡಗಿದಳು. ಅಧಿಕಾರಿಗೆ ಇದು ಆ ಊರಿನಿಂದ ಬಂದವರೊಬ್ಬರಿಂದ ತಿಳಿಯಿತು. ಸಂತೋಷಪಟ್ಟ. ಆದರೆ ಆ ಹನ್ನೊಂದು ಮಕ್ಕಳ ನೆನಪು ಬಂದಾಗ ತಾನು ಮಾಡಿದ್ದು ಅಪರಾಧವೆನ್ನಿಸುತ್ತಿತ್ತು. ಮುದುಕನ ನೆನಪು ಬಂದಾಗ, ಇನ್ನೂ ಮೊದಲೇ ಮಾಡಬೇಕಿತ್ತು ಅನ್ನಿಸುತ್ತಿತ್ತು. ಎರಡನ್ನೂ ಒಟ್ಟಿಗೆ ಇಟ್ಟುಕೊಂಡೇ ನೌಕರಿ ಮುಗಿಸಿದ.

ಗುರುಗಳು ಇಲ್ಲಿಗೆ ನಿಲ್ಲಿಸಿದರು. ಇನ್ನೂ ಏನೋ ಇದೆಯೆಂದು ಗುರುಪಾದ ಕಾದ.

"ಹಾಗಾದರೆ ಅವನು ಮಾಡಿದ್ದು ಸರಿಯೋ ತಪ್ಪೋ?" ಎಂದು ಕೇಳಿದ.

"ಅವನಿಗೇ ಗೊತ್ತಾಗಲಿಲ್ಲ ಎಂದೆನಲ್ಲ," ಎಂದರು ಗುರುಗಳು.

"ಗುರುಗಳೇ, ನಾನು ಬಂದಾಗ ಇದ್ದ ಗೊಂದಲ ಈಗ ಹೆಚ್ಚಾಯಿತು. ನಮ್ಮ ಜಗಲಿಯವರನ್ನು ಕಳುಹಿಸಿಬಿಡಲೇ, ಬೇಡವೇ? ಒಂದೇ ಮಾತಿನಲ್ಲಿ ಹೇಳಿಬಿಡಿ."

"ಕಳುಹಿಸು, ಎಲ್ಲಿಗೆ ಹೋಗಬೇಕೆಂಬುದನ್ನು ಮಾತ್ರ ನೀನೇ ಅವರೆದುರು ನಿಂತು ಹೇಳು."

ಗುರುಪಾದ ಎದ್ದು ಹೊರಜಗಲಿಯ ಕಡೆ ನಡೆದ.