ಬೇವಿನ ಮರದಡಿಯ ಚೀಲಗಳು

ಪಂಚಾಯಿತಿ ಅಧ್ಯಕ್ಷ ವೀರನಗೌಡರಿಗೆ ಅಂಗನವಾಡಿಯ ಕೋಣೆ ಬಹಳ ಹಿಡಿಸಿತ್ತು. ಗಟ್ಟಿ ನೆಲ, ಸೋರದ ಸೂರು. ತಮ್ಮ ಬಿತ್ತನೆ ಶೇಂಗಾದ ಚೀಲಗಳನ್ನು ಅಲ್ಲೇ ಒಟ್ಟಿದ್ದರು. ಮಕ್ಕಳು ಎದುರಿನ ಬೇವಿನ ಮರದಡಿ ಕೂರುತ್ತಿದ್ದವು. ಬಿಸಿಲು ಹೆಚ್ಚಾದರೆ ಬರುತ್ತಲೇ ಇರಲಿಲ್ಲ.

ತಾಲೂಕಿನಿಂದ ಸಾಹೇಬರು ಈ ಸಲ ಅಂಗನವಾಡಿಯನ್ನೇ ನೋಡಲು ಬರುವ ಸುದ್ದಿ ಬಂತು. ಗೌಡರು ಅಂಗನವಾಡಿಯ ಸಹಾಯಕಿಯನ್ನು ಕರೆದು ಗದರಿದರು.

"ನಾಳೆ ಮಕ್ಕಳನ್ನ ಒಳಗ ಕೂಡಸು. ಚೀಲ ಎಲ್ಲ್ಯಾದ್ರೂ ಸರಸು. ಸಾಹೇಬ್ರು ಹೋದ ಮ್ಯಾಲ ಮತ್ತ ಒಳಗ ಇಡಬೇಕು, ತಿಳೀತ?"

"ಆಗ್ಲಿ ಗೌಡ್ರ," ಅಂದಳು ಆಕೆ.

ಮರುದಿನ ಗೌಡರು ಸಾಹೇಬರ ಜೊತೆ ಜೀಪಿನಿಂದ ಇಳಿದರು. ಮಕ್ಕಳು ಕೋಣೆಯೊಳಗೆ ಹಾಡುತ್ತಿದ್ದವು. ಚೀಲಗಳು ಬೇವಿನ ಮರದಡಿ ಸಾಲಾಗಿ ಕೂತಿದ್ದವು.

ಪಕ್ಕದಲ್ಲಿ ಸಾಹೇಬರಿರುವುದನ್ನೂ ಮರೆತು ಗೌಡರು ಕೂಗಿದರು. "ಬುದ್ಧಿ ಐತೇನ ನಿನಗ? ಬಿಸಿಲಿಗೆ ಬೀಜ ಉಳೀತಾವೇನು? ಮಳಿ ಬಂದ್ರ? ಇರುವಿ ಹತ್ತಿದ್ರ? ಒಂದ ದಿನದಾಗ ಹಾಳಾಗ್ತಾವ!"

"ಅಷ್ಟು ಲಗೂನ ಹಾಳಾಗ್ತಾವೇನ್ರಿ?" ಸಹಾಯಕಿ ಸೆರಗು ಸರಿಮಾಡಿಕೊಂಡು ಕೇಳಿದಳು. "ನಮ್ಮ ಮಕ್ಕಳು ಎರಡು ವರ್ಷದಿಂದ ಅಲ್ಲೇ ಅದಾವಲ್ರಿ. ನನಗ ತಿಳೀಲಿಲ್ಲ."

ಸಾಹೇಬರು ನೆಲ ನೋಡಿದರು. ಹಿಂದೆ ಬಂದಾಗಲೆಲ್ಲ ಅವರೂ ಗೌಡರ ಮನೆಯಲ್ಲಿ ಉಂಡು, ಕೋಣೆ ನೋಡದೆ ಹೋಗಿದ್ದರು.

ಬಿಸಿಲು, ಮಳೆ, ಇರುವೆ ಎಲ್ಲವೂ ಗೌಡರ ಬಾಯಿಂದಲೇ ಬಂದಿದ್ದವು.

"ಆಳು ಕರೀಲೇನ್ರಿ?" ಸಹಾಯಕಿ ಮೆಲ್ಲಗೆ ಕೇಳಿದಳು.

"ಬ್ಯಾಡವಾ."

ಗೌಡರು ತಾವೇ ಒಂದು ಚೀಲ ಹೆಗಲಿಗೇರಿಸಿದರು. ಮುಖ ಮರೆಯಾಗುವಂತೆ ಅದನ್ನು ಹೊತ್ತು, ಹಿತ್ತಲ ಹಾದಿಯಿಂದ ಮನೆಗೆ ನಡೆದರು.