ಬೋರಲು ಹಾಕಿದ ಬುಟ್ಟಿ

"ಬುದ್ಧಿ, ಅರ್ಧಕ್ಕೆ ಬಿಟ್ಟ ಆಟಗಳನ್ನೆಲ್ಲ ಮುಗಿಸಿದರೆ ಮನಸ್ಸಿಗೆ ನೆಮ್ಮದಿ ಬರುತ್ತದೆಯೇ?"

ಕೇಳಿದವನು ಕೊಟ್ರೇಶ. ಗುರು ಮರುಳಯ್ಯನವರು ಮಠದ ಪಡಸಾಲೆಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದರು. ತಲೆ ಎತ್ತಲಿಲ್ಲ.

"ಯಾವ ಆಟ?"

"ವಿಡಿಯೋ ಗೇಮ್, ಬುದ್ಧಿ. ಟಿವಿಗೆ ಹಚ್ಚಿ ಆಡುವುದು. ಮನೆಯಲ್ಲಿ ರಾಶಿ ಬಿದ್ದಿವೆ. ಒಂದರಲ್ಲಿ ಕೋಟೆ ಅರ್ಧ ಗೆದ್ದಿದ್ದೇನೆ. ಇನ್ನೊಂದರಲ್ಲಿ ಹಡಗು ನಡುನೀರಿನಲ್ಲಿ ನಿಂತಿದೆ. ಒಂದಕ್ಕೆ ಕೂತು ಸ್ವಲ್ಪ ಕಷ್ಟ ಬಂತೆಂದರೆ ಇನ್ನೊಂದು ನೆನಪಾಗುತ್ತದೆ. ಅದನ್ನು ಹಚ್ಚಿದರೆ ಮತ್ತೊಂದು. ನಡುವೆ ಕಡಿಮೆ ಬೆಲೆಗೆ ಸಿಕ್ಕಿತೆಂದು ಹೊಸದೊಂದು ಕೊಳ್ಳುತ್ತೇನೆ. ಆಫೀಸಿನಲ್ಲಿ ಕೂತರೂ ಅವೇ ಕಣ್ಣ ಮುಂದೆ. ಊಟಕ್ಕೆ ಕೂತರೂ ಅವೇ. ತಲೆಯೊಳಗೆ ಇರುವೆ ಬಿಟ್ಟ ಹಾಗಾಗಿದೆ."

"ಸರಿ. ಈಗೇನು ಮಾಡಬೇಕೆಂದಿದ್ದೀಯ?"

"ದಾಕ್ಷಾಯಣಿ ಇವತ್ತು ತವರಿಗೆ ಹೊರಟಿದ್ದಾಳೆ. ಬಸ್ ಸ್ಟ್ಯಾಂಡಿಗೆ ಬಿಡಲು ಹೊರಟವನು ದಾರಿಯಲ್ಲಿ ನಿಮ್ಮನ್ನು ಕಂಡು ಹೋಗೋಣವೆಂದು ಆಟೋ ನಿಲ್ಲಿಸಿದೆ. ಅವಳು ವಾಪಸ್ ಬರುವಷ್ಟರಲ್ಲಿ ಒಂದೂ ಬಿಡದೆ ಎಲ್ಲ ಮುಗಿಸಿಬಿಡುತ್ತೇನೆ. ಆಮೇಲೆ ಅವಳ ಜೊತೆ ನಿರಾಳವಾಗಿ ಇರಬಹುದು. ಮನಸ್ಸು ಒಂದೆಡೆ ನಿಲ್ಲುವಂಥ ಉಪಾಯ ಏನಾದರೂ ಹೇಳಿ."

ಗುರುಗಳು ಬಾಗಿಲಾಚೆ ನೋಡಿದರು. ಅಂಗಳದ ಕಟ್ಟೆಯ ಮೇಲೆ ಕೊಟ್ರೇಶನ ಹೆಂಡತಿ ಕೂತಿದ್ದಳು. ಆಚೆ ನಿಂತಿದ್ದ ಆಟೋದಲ್ಲಿ ಎರಡು ಸೂಟ್‌ಕೇಸು, ಒಂದು ಹೊಲಿಗೆ ಯಂತ್ರ ಇದ್ದವು.

"ಆಕೆ ಯಾಕೆ ಒಳಗೆ ಬರಲಿಲ್ಲ?"

"ನಿಮ್ಮ ಪ್ರಶ್ನೆ ನೀವೇ ಕೇಳಿಕೊಂಡು ಬನ್ನಿ ಅಂದಳು."

"ಎಷ್ಟು ದಿನಕ್ಕೆ ಹೋಗುತ್ತಿದ್ದಾಳೆ?"

"ಹೇಳಿಲ್ಲ."

"ನೀನು ಕೇಳಿದೆಯೋ?"

"ಇಲ್ಲ, ಬುದ್ಧಿ. ಮೊದಲೆಲ್ಲ ಈ ಆಟದ ವಿಷಯಕ್ಕೆ ದಿನಾ ಜಗಳ ತೆಗೆಯುತ್ತಿದ್ದಳು. ಈಗ ಒಂದು ಮಾತೂ ಆಡುವುದಿಲ್ಲ. ಅಷ್ಟರಮಟ್ಟಿಗೆ ಮನೆಯಲ್ಲಿ ಶಾಂತಿ."

"ಶಾಂತಿಯಂತೆ!" ಗುರುಗಳು ಸಿಪ್ಪೆಯನ್ನು ಪಕ್ಕಕ್ಕೆ ಎಸೆದರು. "ಎಲ್ಲಕ್ಕಿಂತ ಮೊದಲು ಬಿಟ್ಟ ಆಟ ಯಾವುದು?"

"ಅದೊಂದು ಇಬ್ಬರು ಕೂಡಿ ಆಡುವುದು. ಮದುವೆಯಾದ ಹೊಸದರಲ್ಲಿ ಅವಳ ಜೊತೆ ಶುರು ಮಾಡಿದ್ದೆ. ಅದನ್ನು ಕಡೆಗೆ ಇಟ್ಟುಕೊಂಡಿದ್ದೇನೆ. ಅವಳಿಗೆ ಆಡಲು ಸರಿಯಾಗಿ ಬರುವುದಿಲ್ಲ. ಸುಮ್ಮನೆ ಹೊತ್ತು ಹಿಡಿಯುತ್ತದೆ."

ಗುರುಗಳು ಅವನನ್ನು ಮೇಲಿಂದ ಕೆಳಗೆ ನೋಡಿದರು. ಬಯ್ಯುತ್ತಾರೆಂದು ಅವನು ಕಾದ. ಅವರು ಬಯ್ಯಲಿಲ್ಲ. ಒಂದು ಬೊಗಸೆ ಅವರೆಕಾಯಿ ಅವನ ಮುಂದೆ ಸುರಿದರು.

"ಕೂತುಕೋ. ಕೂತು ಇವನ್ನು ಸುಲಿ. ಕೈಗೆ ಕೆಲಸವಿದ್ದರೆ ಕಿವಿಯಾದರೂ ಒಂದು ಕಡೆ ಇರುತ್ತದೆ."

ಅವರು ಕತೆ ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ವ್ಯಾಪಾರಿಯಿದ್ದ. ಬೆಲ್ಲದ ವ್ಯಾಪಾರ. ಒಳ್ಳೆಯ ಮನುಷ್ಯನೇ. ಆದರೆ ಹುಲಿ-ಕುರಿ, ಚೌಕಾಬಾರ ಎಂದರೆ ಪ್ರಾಣ ಬಿಡುವನು. ಆ ಊರಿನವರು ಮಣೆ ಇಟ್ಟುಕೊಂಡು ಆಡುವವರಲ್ಲ. ಸಗಣಿ ಸಾರಿಸಿದ ನೆಲದ ಮೇಲೆ ಸುಣ್ಣದಿಂದ ಗೆರೆ ಎಳೆದು, ಹುಣಸೆಬೀಜವನ್ನೋ ಬಳೆಚೂರನ್ನೋ ಕಾಯಿ ಮಾಡಿಕೊಂಡು ಆಡುವರು. ಆಟ ನಡುವೆ ನಿಂತರೆ ಅದನ್ನು ಅಳಿಸುವಂತಿಲ್ಲ. ಕಾಯಿ ಕದಲದ ಹಾಗೆ ಮೇಲೊಂದು ಬುಟ್ಟಿ ಬೋರಲು ಹಾಕಬೇಕು.

ಮತ್ತೆ ಆ ಬುಟ್ಟಿಯನ್ನು ಎತ್ತುವವರು ಯಾರು? ಯಾರ ಸರದಿಯಲ್ಲಿ ಆಟ ನಿಂತಿತೋ ಅವರು. ಎದುರಿನವರು ಮುಟ್ಟುವಂತಿಲ್ಲ. 'ಎತ್ತು' ಎಂದು ಬಾಯಿಬಿಟ್ಟು ಕೇಳುವಂತೆಯೂ ಇಲ್ಲ. ಕೇಳಿದರೆ ಅವರು ಸೋತ ಹಾಗೆ. ಅದು ಆ ಊರಿನ ಕಟ್ಟಳೆ. ನಗಬೇಡ. ನಿನ್ನ ಟಿವಿಯೊಳಗಿನ ಆಟಕ್ಕೆ ಇದಕ್ಕಿಂತ ವಿಚಿತ್ರ ಕಟ್ಟಳೆಗಳಿರುತ್ತವೆ.

ವ್ಯಾಪಾರಿಗೆ ಆಟದ ಮೊದಲ ಭಾಗವೆಂದರೆ ಬಲು ಇಷ್ಟ. ಆಗ ಹುಲಿಗೆ ಎಲ್ಲ ದಾರಿಯೂ ತೆರೆದಿರುತ್ತದಲ್ಲ! ಸುತ್ತಲೂ ಕುರಿಗಳು ಬಂದು ನಿಂತು ದಾರಿ ಕಟ್ಟತೊಡಗಿದವೋ, ಇವನಿಗೆ ಕಾಲು ಜೋಮು ಹಿಡಿಯುವುದು. ಅಂಗಡಿಗೆ ಗಿರಾಕಿ ಬಂದ ಹಾಗೆ ಕೇಳಿಸುವುದು. 'ನಾಳೆ ಕೂರೋಣ' ಎಂದು ಬುಟ್ಟಿ ಹಾಕಿ ಏಳುವನು. ತನ್ನ ನಡೆ ಕಷ್ಟವಾದಾಗಲೇ ಏಳುತ್ತಿದ್ದುದರಿಂದ ಪ್ರತಿ ಬುಟ್ಟಿಯಲ್ಲೂ ಸರದಿ ಅವನದೇ.

ಬೆಲ್ಲ ಮಾರಲು ಹೋದ ಊರುಗಳಿಂದ ಹೊಸ ಹೊಸ ಆಟ ಕಲಿತು ಬರುವನು. ಹೊಸ ಆಟಕ್ಕೆ ಹೊಸ ಗೆರೆ, ಹೊಸ ಬುಟ್ಟಿ. ಪಡಸಾಲೆ ತುಂಬಿತು. ನಡುಮನೆ ತುಂಬಿತು. ಬಂದ ನೆಂಟರು ಗೋಡೆಗೆ ಬೆನ್ನು ಹಚ್ಚಿ ಅಡ್ಡಡ್ಡ ನಡೆಯಬೇಕಾಯಿತು. ಅವನ ಹೆಂಡತಿ ಬುಟ್ಟಿಗಳ ಸಂದಿಯಲ್ಲಿ ಮೊಣಕಾಲೂರಿ ನೆಲ ಸಾರಿಸುವಳು. ಒಂದು ಬುಟ್ಟಿಗೂ ಕೈ ತಾಗಿಸುತ್ತಿರಲಿಲ್ಲ.

ಮೊದಮೊದಲು ವ್ಯಾಪಾರಿಗೆ ಅದೊಂದು ಹೆಮ್ಮೆ. ಬರಬರುತ್ತ ಅದೇ ಕಾಟವಾಯಿತು. ಬೆಲ್ಲ ತೂಗುವಾಗ ಬುಟ್ಟಿ. ಬಾಯಿಗೆ ತುತ್ತಿಡುವಾಗ ಬುಟ್ಟಿ. ಒಂದರ ಮುಂದೆ ಕೂತರೆ ಬೆನ್ನ ಹಿಂದಿನದು ಚುಚ್ಚಿದಂತಾಗುವುದು. ಎದ್ದು ಅಲ್ಲಿಗೆ ಹೋಗುವನು. ಕೈ ಹಾಕುವನು, ಎತ್ತದೆ ಬಿಡುವನು. ಅಲ್ಲಿಂದ ಇನ್ನೊಂದಕ್ಕೆ. ಮನೆಯೊಳಗೆ ಅವನು ನಡೆಯುವುದೇ ಬುಟ್ಟಿಯಿಂದ ಬುಟ್ಟಿಗೆ ಎಂಬಂತಾಯಿತು. ಹೆಂಡತಿ ಏನಾದರೂ ಹೇಳಹೋದರೆ 'ಸ್ವಲ್ಪ ತಡಿ, ಇವು ಮುಗಿಯಲಿ' ಎನ್ನುವನು. ಆಕೆ ತಡೆದಳು. ಅಯ್ಯೋ, ಎಷ್ಟು ತಡೆದಳು ಆ ತಾಯಿ!

ಒಂದು ದಿನ ಅವನಿಗೇ ರೋಸಿಹೋಯಿತು. ಇನ್ನು ಹೊಸ ಆಟವಿಲ್ಲ, ಒಂದೊಂದೇ ಬುಟ್ಟಿ ಎತ್ತಿ ಮನೆ ಖಾಲಿ ಮಾಡುತ್ತೇನೆ ಎಂದು ಹಟ ತೊಟ್ಟ. ಅರ್ಧ ಆಡಿದವರಿಗೆಲ್ಲ ಹೇಳಿ ಕಳುಹಿಸಿದ.

ಮೊದಲು ಒಬ್ಬ ಬಡಗಿ ಬಂದ. ಆಟ ನಿಂತಾಗ ಅವನ ಮೀಸೆ ಕಪ್ಪಗಿತ್ತು, ಈಗ ಬೆಳ್ಳಗಿತ್ತು. ಪಾಪ, ಮುಂದಿನ ನಡೆಗಳನ್ನೆಲ್ಲ ಯೋಚಿಸಿಕೊಂಡು ಬಂದಿದ್ದ. ವ್ಯಾಪಾರಿ ನೆಲದ ಕಡೆ ಸರಿಯಾಗಿ ನೋಡಲೂ ಇಲ್ಲ. ತನ್ನ ಹುಲಿಗಳನ್ನು ತಾನೇ ಮೂಲೆಗೆ ನೂಕಿದ. ಆಟ ಮುಗಿಯಿತು. ಬುಟ್ಟಿಯನ್ನು ಅಂಗಳಕ್ಕೆ ಎಸೆದು, ಒದ್ದೆ ಬಟ್ಟೆಯಿಂದ ಗೆರೆ ಒರೆಸಿ, 'ಮುಂದಿನವರು ಬನ್ನಿ' ಎಂದು ಕೂಗಿದ.

ಆಮೇಲೆ ಒಬ್ಬ ರೈತ ಬಂದ. ಅವನೂ ಹಾಗೇ ಗೆದ್ದ. ಆದರೆ ಏಳಲಿಲ್ಲ.

'ಸಾವ್ಕಾರ್ರೇ, ನೇಗಿಲು ಹಿಡಿದಾಗಲೂ ನಾನು ಈ ಆಟವನ್ನೇ ನೆನೀತಿದ್ದೆ. ನೀವು ನನ್ನ ಜೊತೆ ಆಡಿದಿರೋ, ನನ್ನನ್ನು ಗುಡಿಸಿ ಹೊರಗೆ ಹಾಕಿದಿರೋ?' ಎಂದ.

'ಗೆದ್ದೆಯಲ್ಲ ಮಾರಾಯ, ಇನ್ನೇನು ಬೇಕು? ಏಳು, ಏಳು' ಎಂದ ವ್ಯಾಪಾರಿ.

ರೈತ ಹೆಗಲ ವಲ್ಲಿಯನ್ನು ಕೊಡವಿ ಎದ್ದು ಹೋದ. ಮತ್ತೆ ಆ ಬಾಗಿಲಿಗೆ ಬರಲಿಲ್ಲ.

ಹೀಗೆ ಬುಟ್ಟಿಗಳು ಕಡಿಮೆಯಾಗುತ್ತ ಬಂದವು. ನೆಮ್ಮದಿ ಬಂತೇ ಎಂದು ಕೇಳುತ್ತೀಯ? ಎಲ್ಲಿಯ ನೆಮ್ಮದಿ! ಒಂದನ್ನು ಎತ್ತುವಾಗಲೇ ಕಣ್ಣು ಮುಂದಿನದರ ಮೇಲೆ. ಯಾರು ಬಂದರು, ಯಾರು ಹೋದರು, ಯಾರ ಮುಖ ಹೇಗಿತ್ತು, ಒಂದೂ ಅವನಿಗೆ ತಿಳಿಯಲಿಲ್ಲ. ಅಂಗಳದಲ್ಲಿ ಬುಟ್ಟಿಗಳ ರಾಶಿ ಏರಿತು. ಇವನ ಎದೆಬಡಿತವೂ ಏರಿತು.

ಇತ್ತ ಅವನು ಗೆರೆ ಒರೆಸುತ್ತಿದ್ದರೆ, ಅತ್ತ ಹೆಂಡತಿ ಒಳಗೆ ತನ್ನ ಸೀರೆಗಳನ್ನು ಮಡಚಿ ಗಂಟು ಕಟ್ಟುತ್ತಿದ್ದಳು. ಅವಳ ಅಣ್ಣನ ಗಾಡಿ ಬಾಗಿಲಿಗೆ ಬಂದು ನಿಂತಿತು. ವ್ಯಾಪಾರಿ ಗಾಡಿಯನ್ನು ನೋಡಿದ. ಯಾಕೆ ಬಂತೆಂದು ಕೇಳಲಿಲ್ಲ. ಹೋಗಿ ಬರಲಿ, ಅಷ್ಟರಲ್ಲಿ ಇವೆಲ್ಲ ಮುಗಿಯುತ್ತವೆ ಎಂದುಕೊಂಡ.

ಕೊಟ್ರೇಶನ ಕೈ ನಿಂತಿತು.

"ಸುಲಿ, ಸುಲಿ," ಎಂದರು ಗುರುಗಳು. "ನಾನು ಹೇಳುತ್ತಿರುವುದು ಬೆಲ್ಲದ ವ್ಯಾಪಾರಿಯ ಕತೆ."

ಕಡೆಗೆ ಒಂದೇ ಬುಟ್ಟಿ ಉಳಿಯಿತು. ದೇವರ ಕೋಣೆಯ ಪಕ್ಕದ ಮೂಲೆಯಲ್ಲಿತ್ತು. ಅದನ್ನು ಯಾರ ಜೊತೆ ಆಡಿದ್ದೆ? ವ್ಯಾಪಾರಿಗೆ ನೆನಪಾಗಲಿಲ್ಲ. ಯಾರಾದರೇನು, ಎರಡೂ ಕಡೆ ನಾನೇ ಆಡಿ ಮುಗಿಸಿದರಾಯಿತು ಎಂದು ಕೈ ಹಾಕಿದ. ಬುಟ್ಟಿ ಬರಲಿಲ್ಲ. ಅದರ ಅಂಚು ನೆಲಕ್ಕೆ ಕಚ್ಚಿಕೊಂಡಿತ್ತು. ಎರಡೂ ಕೈಯಿಂದ ಜಗ್ಗಿ ಕಿತ್ತ.

ಬುಟ್ಟಿಯಡಿಯ ನೆಲ ಸುತ್ತಲಿನ ನೆಲಕ್ಕಿಂತ ತಗ್ಗಿತ್ತು. ಬೆರಳಿಟ್ಟು ನೋಡಿದ. ಬೆರಳ ಗೆಣ್ಣು ಮುಳುಗುವಷ್ಟು ತಗ್ಗು. ವಾರವಾರವೂ ಸಾರಿಸಿ ಸಾರಿಸಿ ಸುತ್ತಲಿನ ನೆಲ ಪದರಪದರವಾಗಿ ಏರಿತ್ತು. ಸಾರಿಸುವ ಕೈ ಪ್ರತಿ ಸಲವೂ ಬುಟ್ಟಿಯ ಅಂಚಿನವರೆಗೆ ಬಂದು, ಅದನ್ನು ಒಂದಿಷ್ಟೂ ಕದಲಿಸದೆ ಸುತ್ತು ಹಾಕಿಕೊಂಡು ಹೋಗಿತ್ತು. ತಗ್ಗಿನೊಳಗೆ ಸುಣ್ಣದ ಗೆರೆಗಳು ಎಳೆದ ದಿನ ಹೇಗಿದ್ದವೋ ಹಾಗೇ ಇದ್ದವು. ಕುರಿಗಳೆಂದು ಇಟ್ಟ ಹುಣಸೆಬೀಜಗಳು ಹಾಗೇ ಇದ್ದವು. ಹುಲಿಗಳೆಂದು ಇಟ್ಟದ್ದು ಹಸಿರು ಬಳೆಯ ಚೂರುಗಳು. ಅವು ಹೆಂಡತಿಯ ಮದುವೆಯ ಬಳೆಯವು.

ಆಗ ಅವನಿಗೆ ನೆನಪಾಯಿತು. ಮದುವೆಯಾದ ಹೊಸದರಲ್ಲಿ ಇಬ್ಬರೂ ಆ ಮೂಲೆಯಲ್ಲಿ ಕೂತಿದ್ದರು. ಆಕೆಯ ಕುರಿಗಳು ಅವನ ಹುಲಿಗಳನ್ನು ಮುತ್ತಿದ್ದವು. ಆಕೆ ಬಾಯಿಗೆ ಸೆರಗು ಹಿಡಿದು ನಗುತ್ತಿದ್ದಳು. 'ನಾಳೆ ಕೂರೋಣ' ಎಂದು ಇವನು ಎದ್ದಿದ್ದ. ಈ ಮನೆಯಲ್ಲಿ ಅವನು ಹಾಕಿದ ಮೊದಲ ಬುಟ್ಟಿ ಅದು.

ವ್ಯಾಪಾರಿ ತಲೆ ಎತ್ತಿ ನೋಡಿದ. ಹೆಂಡತಿ ಗಂಟು ಹಿಡಿದು ಹೊಸಿಲ ಹತ್ತಿರ ನಿಂತಿದ್ದಳು.

'ಇಷ್ಟು ವರ್ಷ! ಒಂದು ಮಾತು ಹೇಳಬಾರದಿತ್ತೇನೇ?' ಎಂದ.

'ಸರದಿ ನಿಮ್ಮದಿತ್ತು' ಎಂದಳು ಆಕೆ.

ಗುರುಗಳು ಕತೆಯನ್ನು ಅಲ್ಲಿಗೆ ನಿಲ್ಲಿಸಿದರು. ಮತ್ತೆ ಅವರೆಕಾಯಿಗೆ ಕೈ ಹಾಕಿದರು.

ಕೊಟ್ರೇಶ ಕೂತಲ್ಲೇ ಚಡಪಡಿಸಿದ. ಕೊನೆಗೆ ತಡೆಯಲಾರದೆ ಕೇಳಿದ.

"ಆಮೇಲೆ ಏನಾಯಿತು, ಬುದ್ಧಿ? ಇಬ್ಬರೂ ಕೂತು ಆಡಿದರೋ? ಆಕೆ ಗಾಡಿ ಹತ್ತಿ ಹೋದಳೋ? ಕತೆಯನ್ನು ಹೀಗೆ ಅರ್ಧಕ್ಕೆ ಬಿಟ್ಟರೆ ಹೇಗೆ?"

ಹೊರಗೆ ಆಟೋದವನು ಹಾರ್ನ್ ಒತ್ತಿದ. ಕಟ್ಟೆಯ ಮೇಲಿದ್ದ ದಾಕ್ಷಾಯಣಿ ಎದ್ದು ನಿಂತು ಸೀರೆಯ ಹಿಂಬದಿಯ ಧೂಳು ಕೊಡವಿಕೊಂಡಳು. ಮಠದ ಬಾಗಿಲ ಕಡೆ ಒಮ್ಮೆ ನೋಡಿದಳು. ಕರೆಯಲಿಲ್ಲ.

ಗುರುಗಳು ಕೊಟ್ರೇಶನ ಮುಂದಿದ್ದ ಕಾಳನ್ನು ತಮ್ಮ ಕಡೆಗೆ ಎಳೆದುಕೊಂಡರು.

"ಅದು ಹಾಗಿರಲಿ, ತಮ್ಮಾ. ಹೊಲಿಗೆ ಯಂತ್ರ ಹೇರಿಕೊಂಡು ತವರಿಗೆ ಹೊರಟವಳು ಎಷ್ಟು ದಿನಕ್ಕೆ ಹೋಗುತ್ತಾಳೆ?"