ಹಾಲವ್ವನ ಜಗಲಿ ಪಾಠ

ಕಾಲು ಒಳಗೆ ಎಳ್ಕೊಂಡು ಸುಮ್ಮನೆ ಮಲಗು, ಹೇಳ್ತೀನಿ. ಒಂದಾನೊಂದು ಕಾಲದಲ್ಲಿ, ಒಂದು ಬಯಲುಸೀಮೆ ಊರಲ್ಲಿ ಹಾಲವ್ವ ಅಂತ ಒಬ್ಬಳು ಇದ್ದಳಂತೆ. ಗಂಡ ಸಣ್ಣ ವಯಸ್ಸಿಗೇ ತೀರಿಕೊಂಡಿದ್ದ. ಆ ಗಂಡನಿಗೆ ಮೂವರು ಅಣ್ಣಂದಿರು, ಅಂದ್ರೆ ಹಾಲವ್ವನಿಗೆ ಮೂವರು ಭಾವಂದಿರು, ಅವರ ಆಸರೇಲೇ ಅವಳ ಬಾಳು. ಕೌದಿ ಹೊಲಿಯೋದ್ರಲ್ಲಿ ಹಾಲವ್ವ ಎತ್ತಿದ ಕೈ. ಹಳೇ ಸೀರೆ, ಹರಿದ ಪಂಚೆ, ಏನು ಕೊಟ್ಟರೂ ಒಂದರ ಮೇಲೊಂದು ಹಾಸಿ ದಾರ ಓಡಿಸಿದಳು ಅಂದ್ರೆ, ಅದನ್ನ ಹೊದ್ದೋರಿಗೆ ಬೆಳಗಾದರೂ ಏಳೋಕೆ ಮನಸ್ಸು ಬರ್ತಿರಲಿಲ್ಲವಂತೆ.

ಭಾವಂದಿರ ಮನೇಲಿ ಮದುವೆ ಬಂತು ಅಂದ್ರೆ ಕೌದಿ ಹಾಲವ್ವನೇ ಹೊಲೀಬೇಕು. ಮೊದಲು ದೊಡ್ಡ ಭಾವನ ಮನೇಲಿ, ಆಮೇಲೆ ನಡುವಿನವನ ಮನೇಲಿ, ಆಮೇಲೆ ಚಿಕ್ಕವನ ಮನೇಲಿ. ಕೂಲಿ ಮಾತೆತ್ತಿದರೆ, ಮನೆಯವಳಿಗೆ ಎಂಥ ಕೂಲಿ ಅನ್ನೋರಂತೆ. ಊಟದ ಹೊತ್ತಿಗೆ ಮಾತ್ರ ಇವಳು ಮನೆಯವಳು ಅನ್ನೋದು ಒಬ್ಬರಿಗೂ ನೆನಪಿರ್ತಿರಲಿಲ್ಲ, ಎಲ್ಲರೂ ಉಂಡೆದ್ದ ಮೇಲೆ ತಳ ಹಿಡಿದಿದ್ದು ಇವಳ ಪಾಲಿಗೆ. ಹೇಳ್ತಾ ಹೇಳ್ತಾ ನಂಗೇ ಹೊಟ್ಟೆ ಉರಿಯುತ್ತೆ ನೋಡು.

ಆಮೇಲೆ ಒಂದು ದಿನ ಹಾಲವ್ವ, ಸಾಕು ಈ ಬಾಳು ಅಂತ ಗಂಡನ ಪಾಲಿಗೆ ಬಂದಿದ್ದ ಪುಟ್ಟ ಮನೆಗೆ ಹೋದಳಂತೆ. ಜಗಲಿ ಗುಡಿಸಿ ಸಾರಿಸಿ, ಚಾಪೆ ಹಾಸಿ, ಊರ ಹೆಣ್ಣುಮಕ್ಕಳನ್ನ ಕರೆದು, ಬನ್ರವ್ವ ಕೌದಿ ಹೊಲಿಯೋದು ಕಲಿಸ್ತೀನಿ, ಬರುವಾಗ ಒಂದು ಬೊಗಸೆ ಜೋಳ ತನ್ನಿ ಅಂದಳಂತೆ. ಮೊದಲು ಕುಂಬಾರರ ತಿಪ್ಪಿ ಬಂದಳು, ಆಮೇಲೆ ಅವಳ ಗೆಳತೀರು, ಆಮೇಲೆ ಅವರ ಅವ್ವಂದಿರೂ ಬಂದರು. ದಾರ ಬಿಗಿ ಎಳೀಬೇಡ್ರೇ, ಬಟ್ಟೆ ಮುಖ ಸಿಂಡರಿಸ್ಕೊಳ್ಳುತ್ತೆ ಅಂತ ಹಾಲವ್ವ ನಗಾಡ್ತಾ ಕಲಿಸೋಳಂತೆ. ಸಂಜೆಗೆ ತನ್ನ ಒಲೆ ಮೇಲೆ ತನ್ನ ರೊಟ್ಟಿ ಸುಟ್ಟುಕೊಂಡು, ಬಿಸಿಬಿಸಿ ಇರುವಾಗಲೇ ತಿನ್ನೋಳಂತೆ.

ಭಾವಂದಿರು ಇದನ್ನ ಸಹಿಸಬೇಕಲ್ಲ. ಬಿಟ್ಟಿ ಹೊಲಿಸಿಕೊಳ್ಳುವಾಗ ಹೋಗದ ಮಾನ, ಬೊಗಸೆ ಜೋಳ ಇಸ್ಕೊಂಡರೆ ಹೋಯ್ತಂತೆ. ದೊಡ್ಡ ಭಾವ ಬಂದು, ನಮ್ಮ ಎಮ್ಮೆಗೆ ಜಾಗ ಇಲ್ಲ ಅಂತ ಅವಳ ಜಗಲಿ ಮೇಲೆ ಎಮ್ಮೆ ಕಟ್ಟಿ ಹೋದ. ಹಾಲವ್ವ ಚಾಪೆ ಸುತ್ಕೊಂಡು ಹಿತ್ತಲ ಬೇವಿನ ಮರದ ಕೆಳಗೆ ಕೂತಳು, ಪಾಠ ನಿಲ್ಲಿಸಲಿಲ್ಲ.

ಆಮೇಲೆ ನಡುವಿನ ಭಾವ, ಗಂಡ ಸತ್ತೋಳ ಹತ್ರ ಸೂಜಿ ಹಿಡಿಯೋದು ಕಲಿತರೆ ಹುಡುಗೀರ ಮದುವೆ ಮುರಿಯುತ್ತೆ ಅಂತ ಊರೆಲ್ಲ ಸಾರಿಕೊಂಡು ಬಂದನಂತೆ. ಎಂಥ ಪಾಪಿ ನಾಲಗೆ ನೋಡು. ಅರ್ಧ ಹುಡುಗೀರು ಬರೋದು ಬಿಟ್ಟರು. ತಿಪ್ಪಿಯ ಅವ್ವ ಸುಮ್ಮನಿರೋಳಲ್ಲ, ಬಾವಿಕಟ್ಟೆ ಹತ್ರ ಅವನನ್ನ ನಿಲ್ಲಿಸಿ, ನಿನ್ನ ಮಗಳ ಮದುವೆ ಕೌದಿ ಹೊಲಿದಿದ್ದು ಯಾರ ಕೈಯಪ್ಪ, ಆಗ ಮುರೀಲಿಲ್ವಾ ಅಂತ ನಾಲ್ಕು ಜನರ ಮುಂದೆ ಕೇಳಿಬಿಟ್ಟಳು. ಹುಡುಗೀರು ತಿರುಗಿ ಬಂದರು.

ಆಮೇಲೆ ಚಿಕ್ಕ ಭಾವ ಊರ ಗೌಡರ ಮುಂದೆ ಪಂಚಾಯ್ತಿ ಸೇರಿಸಿದ. ಇವಳು ವಿದ್ಯೆ ಮಾರ್ತಾಳೆ, ಪಾಠ ನಿಲ್ಲಿಸಿ ನಮ್ಮ ಮನೆಗೇ ವಾಪಸ್ ಬರಬೇಕು ಅಂತ ದೂರು. ಗೌಡರು ಹೂಂ ಅಂದರೆ ಮುಗೀತು, ಮತ್ತೆ ಆ ತಳ ಹಿಡಿದ ಅನ್ನವೇ ಗತಿ. ಆದರೂ ಹಾಲವ್ವ ಎದ್ದು ನಿಂತು, ಅಕ್ಷರ ಕಲಿಸೋ ಅಯ್ಯನೋರಿಗೆ ಚೀಲಗಟ್ಟಲೆ ಕಾಳು ಹೋಗುತ್ತೆ, ಗರಡಿ ಉಸ್ತಾದರಿಗೆ ತುಪ್ಪ ಹೋಗುತ್ತೆ, ಅದು ಮಾರಿದ ಹಾಗಲ್ವಾ ಅಂತ ಕೇಳಿದಳಂತೆ. ಅದು ಗುರುಕಾಣಿಕೆ ಕಣವ್ವ ಅಂದರಂತೆ ಗೌಡರು. ನೋಡ್ದ್ಯಾ, ಗಂಡಸು ಇಸ್ಕೊಂಡರೆ ಕಾಣಿಕೆ, ಹೆಂಗಸು ಇಸ್ಕೊಂಡರೆ ವ್ಯಾಪಾರ. ಅದೂ ಸಾಲದು ಅಂತ, ಇಷ್ಟು ವರ್ಷ ಉಣ್ಣಿಸಿ ಸಾಕಿದಾರೆ, ಅನ್ನದ ಋಣ ಇಲ್ವಾ ನಿಂಗೆ ಅಂದರು.

ಉಣ್ಣಿಸಿ ಸಾಕಿದಾರೆ ಅಂದ ಕೂಡಲೇ ಹಾಲವ್ವ ಎರಡು ಹೆಜ್ಜೆ ಮುಂದೆ ಬಂದಳು. ಹಾಗಾದರೆ ಮೂರು ಮನೆ ಮದುವೆಗೆ ನಾನು ಹೊಲಿದ ಮೂರು ಕೌದಿ ತರಿಸಿ ಗೌಡರೇ, ನಾಲ್ಕನೇ ಮೂಲೆ ಬಿಚ್ಚಿಸಿ ನೋಡಿ ಅಂದಳಂತೆ.

ಯಾಕೆ ಅಂತೀಯಾ? ಆ ಊರಲ್ಲಿ ಕೌದಿಗೂ ಹೊಟ್ಟೆ ತುಂಬಿಸಬೇಕು ಕಣೋ. ಮೂರು ಮೂಲೆ ಮುಚ್ಚಿ, ನಾಲ್ಕನೇದು ಹಾಗೇ ಬಿಟ್ಟಿರ್ತಾರೆ. ಹೊಲಿದೋಳನ್ನ ಆ ಮನೆಯೋರು ಕೂರಿಸಿ ಹೋಳಿಗೆ ಊಟ ಬಡಿಸಬೇಕು. ಅವಳು ಉಂಡ ಮೇಲೆ ಅದೇ ಅಡುಗೇಲಿ ಒಂದು ಚೂರು ಹೋಳಿಗೆ ತಂದು ಆ ಮೂಲೆಗಿಟ್ಟರೆ, ಅವಳು ಹೊಲಿದು ಮುಚ್ಚುತ್ತಾಳೆ. ಆ ಮೂಲೆ ಬರಿದಾಗಿದ್ದರೆ ಹೊಲಿದೋಳಿಗೆ ಉಣ್ಣಿಸಿಲ್ಲ ಅಂತಲೇ ಲೆಕ್ಕ. ಹಸಿದ ಕೌದಿ ಹೊದ್ದೋರಿಗೆ ನಿದ್ದೆ ಹತ್ತಲ್ಲ, ಮನೆಗೂ ಒಳ್ಳೇದಲ್ಲ ಅಂತ ಅವರ ನಂಬಿಕೆ.

ಗೌಡರ ತಾಯಿ, ಹಣ್ಣುಹಣ್ಣು ಮುದುಕಿ, ಕನ್ನಡಕ ಇಲ್ಲದ ಕಾಲ, ದೊಡ್ಡ ಭಾವನ ಕೌದೀನ ಮೂಗಿನ ಹತ್ರ ಹಿಡ್ಕೊಂಡು ನಾಲ್ಕನೇ ಮೂಲೆ ಬಿಚ್ಚಿದರಂತೆ. ಬರಿದು. ನಡುವಿನವನದು ಬಿಚ್ಚಿದರು, ಅದೂ ಬರಿದು. ಚಿಕ್ಕವನದೂ ಬಿಚ್ಚಿ, ಒಳಗೆ ಬೆರಳು ಹಾಕಿ ತಡಕಿದರು, ಒಂದು ಪುಡಿ ಕೂಡ ಇಲ್ಲ. ಪ್ರತಿ ಸಲ ನಾನು ಕೇಳಿದೆ ಅವ್ವಾರೇ, ಮದುವೆ ಗಡಿಬಿಡೀಲಿ ನಿಂದೊಂದು, ಸುಮ್ಮನೆ ಮುಚ್ಚಿ ಹೊಲಿ ಅಂದರು ಅಂತ ಹಾಲವ್ವ ಅತ್ತೇಬಿಟ್ಟಳು. ಚಿಕ್ಕ ಭಾವ ಮೆಲ್ಲಗೆ, ಇಲಿ ತಿಂದಿರಬೇಕು ಅಂದನಂತೆ. ತಿಂದು ಮತ್ತೆ ಹೊಲಿದು ಹೋಯ್ತೇನಪ್ಪ ಆ ಇಲಿ ಅಂದರು ಮುದುಕಿ. ಗೌಡರು ತಲೆ ತಗ್ಗಿಸಿಕೊಂಡೇ ಭಾವಂದಿರಿಗೆ, ಜಗಲಿ ಮೇಲಿನ ಎಮ್ಮೆ ಬಿಚ್ಚಿಕೊಂಡು ಹೋಗ್ರಪ್ಪ, ಈ ಹೆಣ್ಣುಮಗಳ ತಂಟೆಗೆ ಇನ್ನು ಬರಬೇಡಿ ಅಂದರಂತೆ.

ಆಮೇಲೆ ಚಳಿಗಾಲ ಬಂತು. ಹಸಿದ ಕೌದಿ ಹೊದೆಯಲ್ಲ ಅಂತ ಭಾವಂದಿರ ಹೆಂಡತಿ ಮಕ್ಕಳೆಲ್ಲ ಹಟ ಹಿಡಿದರು. ಮೂಲೆ ಮುಚ್ಚಿಸೋಣ ಅಂದ್ರೆ ಊರಲ್ಲಿ ಸೂಜಿ ಹಿಡಿಯೋರೆಲ್ಲ ಹಾಲವ್ವನ ಶಿಷ್ಯೆಯರೇ, ಒಬ್ಬಳೂ ಮುಟ್ಟಲಿಲ್ಲವಂತೆ. ಕೊನೆಗೆ ಮೂವರು ಭಾವಂದಿರೂ ಕೌದಿ ಹೊತ್ಕೊಂಡು, ಹೋಳಿಗೆ ಬುಟ್ಟಿ ಹಿಡ್ಕೊಂಡು ಜಗಲಿ ಮುಂದೆ ಬಂದು ನಿಂತರು. ತಪ್ಪಾಯ್ತು ಹಾಲವ್ವ, ಮುಚ್ಚಿಕೊಡವ್ವ ಅಂದ ದೊಡ್ಡವನು. ಹಾಲವ್ವ ಮೊದಲು ಕೂತು, ಅವಸರ ಇಲ್ಲದೆ, ಹೊಟ್ಟೆ ತುಂಬ ಹೋಳಿಗೆ ಉಂಡಳಂತೆ. ಕೈ ತೊಳೆದು ಬಂದು, ನಾನು ಹೊಲಿದುಕೊಡೋದು ಬಿಟ್ಟೆ ಭಾವ, ಈಗ ಕಲಿಸ್ತೀನಿ ಅಷ್ಟೆ, ಬೊಗಸೆ ಜೋಳ ತಂದು ಅಲ್ಲಿ ಸುರಿದು ತಿಪ್ಪಿ ಹಿಂದೆ ಕೂತ್ಕೊಳ್ಳಿ ಅಂದಳು.

ಮೀಸೆ ಹೊತ್ತ ಮೂವರೂ ಹುಡುಗೀರ ಹಿಂದೆ ಚಕ್ಕಳಮಕ್ಕಳ ಹಾಕಿ ಕೂತರಂತೆ. ದೊಡ್ಡ ಭಾವ ಬೆರಳಿಗೆಲ್ಲ ಚುಚ್ಚಿಕೊಂಡು, ಬೆವರಿಳಿಸಿ, ಹೇಗೋ ಹೋಳಿಗೆ ಚೂರಿಟ್ಟು ಮೂಲೆ ಮುಚ್ಚಿ ತೋರಿಸಿದ. ಹಾಲವ್ವ ತಿರುಗಿಸಿ ಮುರುಗಿಸಿ ನೋಡಿ, ಹೊಲಿಗೆ ಸೊಟ್ಟ ಬಂದಿದೆ, ಬಿಚ್ಚಿ ಮೊದಲಿಂದ ಹಾಕು ಅಂದಳಂತೆ.

ಅವಳು ಅಲ್ಲಿ ಸುಖವಾಗಿದ್ದಳು, ನಾವು ಇಲ್ಲಿ ಬೆಚ್ಚಗಿದ್ದೀವಿ. ಕತೆ ಇಲ್ಲಿಗೆ ಮುಗೀತು, ಕಣ್ಣು ಮುಚ್ಚು.